ಪೀಣ್ಯದಿಂದ ವರ್ತೂರಿಗೆ ಒಂದು ಮಂಗಳಾರತಿ

ಟಿವಿಯಲ್ಲಿ ಓಡುತ್ತಿದ್ದ ಚಿತ್ರ ಫಕ್ಕನೆ ನಿಂತು, ಅದರ ನಟ್ಟನಡುವೆ ಬಿಳಿಯ ಬಳೆಯೊಂದು ಸುತ್ತತೊಡಗಿದಾಗ ಮನುಷ್ಯರು ಏನು ಮಾಡುತ್ತಾರೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ, ನಾನು ಗಮನಿಸಿದ್ದೇನೆ. ಏನೂ ಮಾಡುವುದಿಲ್ಲ. ಬಳೆಯನ್ನೇ ನೋಡುತ್ತಾ ಕೂರುತ್ತಾರೆ. ಒಲೆಯ ಮೇಲೆ ಹಾಲಿಟ್ಟವರು ಎದ್ದು ಹೋಗಿ ಉರಿ ತಗ್ಗಿಸಿ ಬರಬಹುದು, ಬಾಗಿಲಲ್ಲಿ ಕಾದು ನಿಂತ ಇಸ್ತ್ರಿಯವನಿಗೆ ಬಟ್ಟೆ ಕೊಟ್ಟು ಕಳಿಸಬಹುದು. ಆದರೆ ತಾವು ಕಣ್ಣು ಕಿತ್ತರೆ ಬಳೆಗೆ ಮುನಿಸು ಬಂದು ಇನ್ನಷ್ಟು ಹೊತ್ತು ಸುತ್ತೀತೆಂಬ ಭಯದಿಂದಲೋ ಏನೋ, ಒಬ್ಬರೂ ಕದಲುವುದಿಲ್ಲ. ಚಿತ್ರ ಓಡುತ್ತಿದ್ದಾಗ ಇದರ ಅರ್ಧದಷ್ಟು ಏಕಾಗ್ರತೆಯಿಂದ ನೋಡಿದ್ದರೂ ನಮ್ಮ ಮನೆಯಲ್ಲಿ ಯಾರಿಗಾದರೂ ಕತೆ ತಿಳಿದಿರುತ್ತಿತ್ತು.

ನಮ್ಮ ಬಾಲ್ಯಕಾಲದ ಟಿವಿ ಈ ವಿಷಯದಲ್ಲಿ ಹೆಚ್ಚು ಮರ್ಯಾದಸ್ಥವಾಗಿತ್ತು. ಪ್ರಸಾರ ಕೈಕೊಟ್ಟರೆ ಅದು ಒಂದು ಫಲಕವನ್ನು ತೋರಿಸಿ, ಅಡಚಣೆಗಾಗಿ ವಿಷಾದ ವ್ಯಕ್ತಪಡಿಸುತ್ತಿತ್ತು. ನಾವು ಕ್ಷಮಿಸುತ್ತಿದ್ದೆವು, ಕ್ಷಮಿಸಿ, ಎದ್ದು, ಒಂದು ಲೋಟ ನೀರು ಕುಡಿದು ಬರುತ್ತಿದ್ದೆವು. ಈಗಿನ ಬಳೆಗೆ ವಿಷಾದವೂ ಇಲ್ಲ, ಸಂಕೋಚವೂ ಇಲ್ಲ. ಎಷ್ಟು ಹೊತ್ತಾದೀತೆಂದು ಹೇಳುವುದಿಲ್ಲ, ತಪ್ಪು ಯಾರದೆಂದು ಬಾಯಿ ಬಿಡುವುದಿಲ್ಲ. ಇದಕ್ಕೆ ಬಫರಿಂಗ್ ಎಂದು ಹೆಸರಂತೆ. ಕನ್ನಡದ ಮೇಷ್ಟರಾದ ತಪ್ಪಿಗೆ ನಾನು ಇದಕ್ಕೊಂದು ಸಂಸ್ಕೃತಭೂಯಿಷ್ಠ ಪದವನ್ನು ಟಂಕಿಸಲು ಒಂದು ಸಂಜೆಯೆಲ್ಲ ಹೆಣಗಾಡಿ, ಹುಟ್ಟಿದ ಪದವನ್ನು ನಾನೇ ಒಂದು ಉಸಿರಿನಲ್ಲಿ ಉಚ್ಚರಿಸಲಾರದೆ ಕೈಬಿಟ್ಟೆ. ನಮ್ಮ ಗಿರಿಜೆ ಮಾತ್ರ "ಸುತ್ತುತ್ತಾ ಇದೆ" ಎಂದಷ್ಟೇ ಹೇಳಿ ಮುಗಿಸುತ್ತಾಳೆ. ಗಿರಿಜೆ ಯಾರೆಂಬುದು ಈಗ ಬರುತ್ತದೆ.

ಕನ್ನಡದ ಮೇಷ್ಟರಿಗೆ ಈ ಬಳೆಯ ಉಸಾಬರಿ ಏಕೆಂದು ನೀವು ಕೇಳುವುದು ನ್ಯಾಯವೇ. ನಾನಿರುವುದು ತುಮಕೂರು ರಸ್ತೆಯ ಮಾಕಳಿಯಲ್ಲಿ. ಪಾಠ ಹೇಳುವುದು ದಾಸರಹಳ್ಳಿಯ ಕಡೆಯ ಒಂದು ಕಾಲೇಜಿನಲ್ಲಿ. ಯಂತ್ರಗಳಿಗೂ ನನಗೂ ಇರುವುದು ಹಳೆಯ ನೆರೆಹೊರೆಯವರ ಸಂಬಂಧ. ಎದುರು ಸಿಕ್ಕರೆ ನಗುತ್ತೇವೆ, ಒಬ್ಬರ ಮನೆಗೊಬ್ಬರು ಹೋಗುವುದಿಲ್ಲ. ಮಿಕ್ಸಿ ಕೆಟ್ಟರೆ ನನ್ನ ಹೆಂಡತಿ ನನಗೆ ಹೇಳುವುದಿಲ್ಲ. ರಿಪೇರಿಯಾಗಿ ಬಂದ ಮೇಲೂ, ನಾನು ಮುಟ್ಟಿಯೇನೆಂಬ ಆತಂಕದಿಂದ, ಹೇಳುವುದಿಲ್ಲ. ಹೀಗಿದ್ದ ನನ್ನ ತಲೆಯ ಮೇಲೆ ಒಂದು ವರ್ಷ ದಸರೆಯ ಸಮಯಕ್ಕೆ ಇಡೀ ಬಂಧುವರ್ಗದ ಅಂತರ್ಜಾಲ ಪಂಡಿತನ ಕಿರೀಟ ಬಂದು ಕುಳಿತದ್ದು ರತ್ನತ್ತೆಯ ದೆಸೆಯಿಂದ.

ರತ್ನತ್ತೆ ನಮ್ಮ ತಂದೆಯ ತಂಗಿ. ಪೀಣ್ಯದ ರಸ್ತೆಗಳು ಇನ್ನೂ ಸರಿಯಾಗಿ ಟಾರು ಕಾಣದಿದ್ದ ದಿನಗಳಲ್ಲಿ ಅವಳೂ ಮಾವನೂ ಸೇರಿ, ತಗಡಿನ ಮಾಡಿನ ಷೆಡ್ಡೊಂದರಲ್ಲಿ, ಯಾರೋ ಮಾರಿದ, ಕಬ್ಬಿಣ ಕಡೆಯುವ ಹಳೆಯ ಲೇತ್ ಯಂತ್ರವೊಂದನ್ನು ತಂದು ನಿಲ್ಲಿಸಿ ವರ್ಕ್‌ಷಾಪ್ ಶುರುಮಾಡಿದರು. ಮಾವ ಕಬ್ಬಿಣ ಕಡೆದರೆ, ಅತ್ತೆ ಆ ತುಂಡುಗಳ ಅಂಚು ಉಜ್ಜಿ ನಯಮಾಡಿ, ಎಣ್ಣೆ ಬಳಿದು, ಡಬ್ಬಕ್ಕೆ ತುಂಬುತ್ತಿದ್ದಳು. ಮಾವ ತೀರಿಕೊಂಡ ಮೇಲೆ ಮಗ ಕಂಠಿ ಕೈಗೆ ಬರುವ ತನಕ ಅದನ್ನು ನಡೆಸಿದವಳೂ ಅವಳೇ. ಈಗ ಅಲ್ಲಿ ಕಂಪ್ಯೂಟರಿನ ಮಾತು ಕೇಳುವ ಭಾರೀ ಯಂತ್ರಗಳು ಬಂದು ಕುಳಿತಿವೆ. ಆದರೆ ಆಯುಧಪೂಜೆಯ ದಿನ ಮಂಗಳಾರತಿಯಾದ ಮೇಲೆ ಶಾಸ್ತ್ರಕ್ಕೆಂದು ಮೊದಲು ತಿರುಗುವುದು ಆ ಹಳೆಯ ಲೇತು, ಅದರ ಹಸಿರು ಗುಂಡಿ ಒತ್ತುವುದು ಅತ್ತೆ. ಅಲ್ಲಿಯವರೆಗೆ ಅವಳು ನೀರು ಬಿಟ್ಟರೆ ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ. ಲೇತ್ ತಿರುಗಿದ ಮೇಲೆ ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ, ಕೆಲಸದವರ ಮನೆಮಂದಿಯ ಜೊತೆ ಸಾಲಿನಲ್ಲಿ ಕೂತು ಊಟ. ನನಗೆ ಬುದ್ಧಿ ಬಂದಾಗಿನಿಂದ ಇದು ಹೀಗೆಯೇ ನಡೆದಿತ್ತು.

ಆ ವರ್ಷ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು. ಲಿಫ್ಟ್ ಇರುವ ಮನೆ ಬೇಕು, ದಿನವೂ ವ್ಯಾಯಾಮ ಮಾಡಿಸುವವರು ಬರಬೇಕು ಎಂದು ಮಗಳು ಗಿರಿಜೆ ವರ್ತೂರಿನ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ಕಾರಿನಲ್ಲಿ ಕೂತು ದೂರ ಹೋಗುವುದು ಸದ್ಯಕ್ಕೆ ಬೇಡವೆಂದು ವೈದ್ಯರು ಅಪ್ಪಣೆ ಮಾಡಿದರು. ವರ್ತೂರಿನಿಂದ ಪೀಣ್ಯಕ್ಕೆ ಬರುವ ದಾರಿ ಮುರಿಯದ ಮೂಳೆಗೂ ಒಳ್ಳೆಯದಲ್ಲ ಎಂಬುದು ಬಲ್ಲವರೆಲ್ಲರ ಅನುಭವ. ಎರಡೂ ಒಂದೇ ಊರು ಎಂದು ನಕಾಶೆ ಹೇಳುತ್ತದೆ, ನಿಜ. ಆದರೆ ಅವರು ಪೂರ್ವದ ಅಂಚಿನಲ್ಲಿ ಕೆರೆಯ ನೊರೆ ನೋಡುತ್ತಾ, ನಾವು ಪಶ್ಚಿಮೋತ್ತರದ ಅಂಚಿನಲ್ಲಿ ಲಾರಿಯ ಧೂಳು ನೋಡುತ್ತಾ ಇರುವವರು, ನಡುವೆ ಇಡೀ ಬೆಂಗಳೂರು ಅಡ್ಡ ಮಲಗಿದೆ. ಮದುವೆಗೆ ಕರೆಯಲು ಹೋದವರು ನಾಮಕರಣದ ಹೊತ್ತಿಗೆ ಹಿಂದಿರುಗಿದರೆಂದು ನಮ್ಮಲ್ಲಿ ತಮಾಷೆ ಮಾಡುವುದುಂಟು.

"ಆಗ್ಲಿ ಬಿಡ್ರೋ, ಈ ಸಲ ಕಂಠಿನೇ ಗುಂಡಿ ಒತ್ಲಿ" ಎಂದು ಅತ್ತೆ ನಮ್ಮೆಲ್ಲರ ಎದುರು ಧಾರಾಳವಾಗಿಯೇ ಹೇಳಿದಳು. ಆದರೆ ರಾತ್ರಿ ಕಾಲಿಗೆ ಎಣ್ಣೆ ನೀವುತ್ತಿದ್ದ ಗಿರಿಜೆಯ ಹತ್ತಿರ ಬೇರೆಯೇ ಮಾತು ಬಂತಂತೆ: "ನಾನಿಲ್ದೆ ಒಂದು ಸಲ ಪೂಜೆ ಆಗೋಯ್ತು ಅಂದ್ರೆ, ಮುಂದಿನ ಸಲಕ್ಕೆ ನಾನ್ಯಾಕೆ ಬೇಕು ಹೇಳು?" ಮರುದಿನ ಗಿರಿಜೆ ಇದನ್ನು ಫೋನಿನಲ್ಲಿ ನನಗೆ ಹೇಳಿದಳು. ಅತ್ತೆ ಇಲ್ಲದ ಆಯುಧಪೂಜೆ ನಡೆಯುವುದೇ ಇಲ್ಲವೆಂದಲ್ಲ. ನಡೆದುಬಿಡುತ್ತದೆ ಎಂಬುದೇ ಅವಳ ಸಂಕಟವಾಗಿತ್ತು. ಅದಕ್ಕಾಗಿ, ಅವಳು ಪೀಣ್ಯಕ್ಕೆ ಬರಲಾಗದಿದ್ದರೆ ಪೀಣ್ಯವೇ ಅವಳಿದ್ದಲ್ಲಿಗೆ ಹೋಗಲಿ, ನಾನು ಕಳಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಹಿಂದುಮುಂದು ನೋಡದೆ ಮಾತು ಕೊಡುವುದರಲ್ಲಿ ನಮ್ಮ ವಂಶದ ಗಂಡಸರನ್ನು ಮೀರಿಸುವವರಿಲ್ಲ.

ಸಾಮಗ್ರಿಯೇನೋ ಎಲ್ಲ ಇತ್ತು. ಕಳ್ಳಕಾಕರ ಭಯಕ್ಕೆ ಕಂಠಿ ಷೆಡ್ಡಿನ ಮೂಲೆಯಲ್ಲಿ ಹಾಕಿಸಿದ್ದ ಕ್ಯಾಮೆರಾವನ್ನು ಲೇತಿನ ಕಡೆ ತಿರುಗಿಸಿದರಾಯಿತು. ಆ ಚಿತ್ರ ಷೆಡ್ಡಿನ ಮೋಡೆಮ್ಮಿನ ಮೂಲಕ ಅಂತರ್ಜಾಲಕ್ಕೆ ಏರುತ್ತದೆ. ವರ್ತೂರಿನಲ್ಲಿ ಗಿರಿಜೆಯ ಟಿವಿಗೆ ಮೀಡಿಯಾ ಪ್ಲೇಯರ್ ಎಂಬ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಅಂಟಿಕೊಂಡಿದೆ. ಎಲ್ಲೋ ಇರುವ ಚಿತ್ರವನ್ನು ಎಳೆದು ತಂದು ಟಿವಿಯ ಮೇಲೆ ತೋರಿಸುವುದು ಅದರ ಉದ್ಯೋಗ. ಮೊಬೈಲಿನಲ್ಲೇ ಮುಖ ನೋಡಿ ಮಾತಾಡಬಹುದಲ್ಲ ಎನ್ನುತ್ತೀರಿ. ಅದನ್ನೂ ಮಾಡಿ ನೋಡಿದೆವು. ತಗಡಿನ ಮಾಡಿನ ಕೆಳಗೆ ಮೊಬೈಲಿಗೆ ಮಾತಿಗಾಗುವಷ್ಟು ಸಿಗ್ನಲ್ ಸಿಗುತ್ತದೆಯೇ ಹೊರತು ಚಿತ್ರಕ್ಕಾಗುವಷ್ಟಲ್ಲ. ಮೇಲಾಗಿ ಅಂಗೈಯಗಲದ ಪರದೆಯಲ್ಲಿ ಅತ್ತೆಗೆ ಕಂಠಿಯೂ ಕಂಬವೂ ಒಂದೇ ಥರ ಕಂಡವು. ಹಾಗಾಗಿ ಚಿತ್ರ ಟಿವಿಯಲ್ಲಿ, ಮಾತು ಫೋನಿನಲ್ಲಿ ಎಂದು ತೀರ್ಮಾನವಾಯಿತು.

ಮೊದಲ ದಿನದ ಪರೀಕ್ಷೆಯಲ್ಲಿ ಅತ್ತೆಗೆ ಕಂಠಿಯ ಅರ್ಧ ಮುಖ ಕಾಣಿಸಿತು. ಆಮೇಲೆ ಬಳೆ. ಕಂಠಿಯ ಪ್ರಕಾರ ದೋಷ ವರ್ತೂರಿನದು, ಗಿರಿಜೆಯ ಪ್ರಕಾರ ಪೀಣ್ಯದ್ದು. ಅಣ್ಣತಂಗಿಯರು ಚಿಕ್ಕಂದಿನಲ್ಲಿ ಕಿಟಕಿಯ ಪಕ್ಕದ ಸೀಟಿಗಾಗಿ ಆಡುತ್ತಿದ್ದ ಜಗಳವನ್ನು ಹೊಸ ಪರಿಭಾಷೆಯಲ್ಲಿ ಮುಂದುವರಿಸಿದರು. ಮಧ್ಯಸ್ಥನಾದ ನಾನು ಅಂತರ್ಜಾಲವನ್ನು ಶರಣುಹೊಕ್ಕೆ. ಅಲ್ಲಿ ಬಳೆಪೀಡಿತರದೇ ಒಂದು ಸತ್ಸಂಗವಿದೆ. ಜಗತ್ತಿನ ಮೂಲೆಮೂಲೆಯವರು ಬಂದು ತಮ್ಮ ವ್ಯಥೆ ಹೇಳಿಕೊಳ್ಳುತ್ತಾರೆ, ಅನುಭವಿಗಳು ಉತ್ತರಿಸುತ್ತಾರೆ, ಮತ್ತೊಬ್ಬ ಅನುಭವಿ ಬಂದು ಮೊದಲನೆಯ ಅನುಭವಿಗೆ ಏನೂ ಗೊತ್ತಿಲ್ಲವೆಂದು ಸಾಧಿಸುತ್ತಾನೆ. ಎಲ್ಲರೂ ಒಪ್ಪುವ ಸಿದ್ಧಾಂತ ಒಂದೇ, ಮೊದಲು ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿ. ದ್ವೈತಾದ್ವೈತಗಳಿಗೂ ಇಂಥ ಒಂದು ಸಾಮಾನ್ಯ ತತ್ತ್ವ ಸಿಕ್ಕಿದ್ದರೆ ಎಷ್ಟೋ ವಾದ ಉಳಿಯುತ್ತಿತ್ತು.

ಭಾನುವಾರ ಬಸ್ಸುಗಳನ್ನು ಬದಲಿಸುತ್ತಾ ವರ್ತೂರಿಗೇ ಹೋದೆ. ಗಿರಿಜೆ ನವರಾತ್ರಿಯ ಗೊಂಬೆ ಕೂರಿಸಿದ್ದಳು. ಅವಳ ಮನೆಯ ಅಂತರ್ಜಾಲದ ಪೆಟ್ಟಿಗೆ, ಅಂದರೆ ತಂತಿಯಿಲ್ಲದೆ ಮನೆಗೆಲ್ಲ ಸಂಪರ್ಕ ಹಂಚುವ ವೈಫೈ ರೌಟರ್, ಗೊಂಬೆಗಳ ಮೆಟ್ಟಿಲಿನ ಬೆನ್ನಿಗೆ, ಹೊದಿಸಿದ ರೇಷ್ಮೆ ಸೀರೆಯ ಮರೆಯಲ್ಲಿ ಸೆರೆಯಾಗಿತ್ತು. ಅದು ಕಳಿಸುವ ಅಲೆಗಳು ಟಿವಿಯನ್ನು ಮುಟ್ಟಬೇಕಾದರೆ ಪಟ್ಟದ ರಾಜರಾಣಿಯರನ್ನೂ, ಅಂಗಡಿ ಹರವಿಕೊಂಡ ಶೆಟ್ಟಿ ದಂಪತಿಯನ್ನೂ ದಾಟಿ ಬರಬೇಕು. ಕೂರಿಸಿದ ಗೊಂಬೆಯನ್ನು ನಡುವೆ ಕದಲಿಸುವಂತಿಲ್ಲ. ಉದ್ದನೆಯ ತಂತಿಯೊಂದನ್ನು ತಂದು, ಗೋಡೆಯ ಬುಡಕ್ಕೇ ಹಾಯಿಸಿ, ರೌಟರಿನಿಂದ ನೇರವಾಗಿ ಪ್ಲೇಯರಿಗೆ ಸಿಕ್ಕಿಸಿದೆ. ಬಳೆ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ.

ಆಮೇಲೆ ತಿಳಿಯಿತು, ತೊಂದರೆಯ ಮೂಲ ಇರುವುದು ಕಳಿಸುವ ಕಡೆ. ಅಂತರ್ಜಾಲದವರು ನಮಗೆ ಕೊಡುವ ಸಂಪರ್ಕದಲ್ಲಿ ಒಳಗೆ ಬರುವ ದಾರಿ ಅಗಲ, ಹೊರಗೆ ಹೋಗುವುದು ಓಣಿ. ಕಬ್ಬಿಣ ಲಾರಿಯಲ್ಲಿ ಬಂದು, ಕಡೆದ ಮಾಲು ಸೈಕಲ್ಲಿನ ಕ್ಯಾರಿಯರ್ ಮೇಲೆ ಹೊರಟ ಹಾಗೆ. ಅದರ ಮೇಲೆ ಕಂಠಿಯ ಕ್ಯಾಮೆರಾ ದೊಡ್ಡಸ್ತಿಕೆಯಿಂದ ಮಹಾಗಾತ್ರದ ಚಿತ್ರವನ್ನು ಕಳಿಸುತ್ತಿತ್ತು. ಚಿತ್ರದ ಗಾತ್ರವನ್ನು ಇಳಿಸಿದೆವು. ತೀರಾ ಇಳಿಸಿದಾಗ ಅತ್ತೆ, "ಏನ್ರೋ ಇದು, ಎಲ್ರೂ ರಾಗಿ ಅಂಬ್ಲಿ ಕಲಸಿದ ಹಾಗೆ ಕಾಣ್ತೀರಲ್ಲ" ಎಂದಳು. ಒಂದು ಮೆಟ್ಟಿಲು ಏರಿಸಿದೆವು. ಕೊನೆಯ ಮದ್ದು ಪ್ಲೇಯರಿನಲ್ಲೇ ಇತ್ತು. ಬಂದ ಚಿತ್ರವನ್ನು ಬಂದ ಹಾಗೆಯೇ ತೋರಿಸಲು ಹೋಗಬೇಡ, ಒಂದಷ್ಟು ಕೂಡಿಹಾಕಿಕೊಂಡು ಆಮೇಲೆ ಶುರುಮಾಡು ಎಂದು ಅದಕ್ಕೆ ಹೇಳಬಹುದು. ನಮ್ಮ ಮಾಕಳಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಂದಾಗ ಸಂಪು ತುಂಬಿಸಿಕೊಂಡ ಮನೆಯವರು ಆಮೇಲೆ ನಲ್ಲಿಯ ಧಾರೆ ಕಡಿಯಿತೆಂದು ಕೂಗುವುದಿಲ್ಲ. ಬಳೆ ಮಾಯವಾಯಿತು. ಬದಲಿಗೆ ಪೀಣ್ಯದಲ್ಲಿ ಈಗ ನಡೆದದ್ದು ವರ್ತೂರಿನಲ್ಲಿ ಅರ್ಧ ಮುಕ್ಕಾಲು ನಿಮಿಷ ತಡವಾಗಿ ಕಾಣಿಸತೊಡಗಿತು. ತಡವಾದರೂ ಸರಿ, ತಡೆಯಿಲ್ಲದೆ ಬರಲಿ ಎಂದು ಅತ್ತೆ ಒಪ್ಪಿದಳು. ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಡೀ ವೃತ್ತಾಂತವನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಆಯುಧಪೂಜೆಯ ಬೆಳಿಗ್ಗೆ ಮಾಕಳಿಯಿಂದ ಬಸ್ಸು ಹತ್ತಿದೆ. ಬಸ್ಸಿನ ಮೂತಿಗೆ ಬಾಳೆಕಂದು, ಕನ್ನಡಿಗೆ ಸೇವಂತಿಗೆ ಹಾರ, ಚಕ್ರಕ್ಕೆ ಕುಂಕುಮ. ತುಮಕೂರು ರಸ್ತೆಯುದ್ದಕ್ಕೂ ಕುಂಬಳಕಾಯಿ ಗುಡ್ಡೆಗಳು, ಮಾವಿನ ಸೊಪ್ಪು, ತೊಳೆದು ನಿಲ್ಲಿಸಿದ ಲಾರಿಗಳು. ಎಂದೂ ನಗದ ಕಂಡಕ್ಟರು ಕೂಡ ಎಲ್ಲರಿಗೂ ಚಿಟಿಕೆ ಕಡ್ಲೆಪುರಿ ಕೊಡುತ್ತಿದ್ದ. ಇನ್ನೂ ಎಂಟನೇ ಮೈಲಿ ದಾಟಿರಲಿಲ್ಲ, ಗಿರಿಜೆಯ ಫೋನು.

"ಭಾವ, ಸುತ್ತುತ್ತಾ ಇದೆ."

"ಬೆಳಿಗ್ಗೆ ಸರಿಯಾಗಿತ್ತಲ್ಲಮ್ಮ?"

"ಲೇತಿನ ಬಸಪ್ಪ ಬಾಳೆಕಂದು ಕಟ್ತಾ ಇದ್ದದ್ದು ಕೂಡ ಕಾಣಿಸ್ತು. ಆಮೇಲೆ ಸುತ್ತೋಕೆ ಶುರುವಾಗಿದ್ದು ನಿಲ್ತಾನೇ ಇಲ್ಲ. ಕಂಠಿ ಅಣ್ಣ ಫೋನ್ ಎತ್ತುತ್ತಿಲ್ಲ. ಅಮ್ಮ ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ಭಾವ."

ದೋಷ ವರ್ತೂರಿನದೇ ಎಂದು ನಾನು ಒಂದು ಕ್ಷಣವೂ ತಡಮಾಡದೆ ನಿರ್ಧರಿಸಿದೆ. ಕಳಿಸುವ ಕಡೆಯನ್ನು ನಾನೇ ಖುದ್ದಾಗಿ ಸರಿಪಡಿಸಿದ್ದೆನಲ್ಲ! ಕಿಕ್ಕಿರಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು ಹಿಡಿದು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ನನ್ನ ಎಂದಿನ ದನಿಯಲ್ಲಿ ಗಿರಿಜೆಗೆ ಚಿಕಿತ್ಸಾಕ್ರಮ ಬೋಧಿಸತೊಡಗಿದೆ. ತಂತಿ ಕೀಳು, ಮತ್ತೆ ಸಿಕ್ಕಿಸು. ಪ್ಲೇಯರ್ ಆಫ್ ಮಾಡು, ಆನ್ ಮಾಡು. ಗೊಂಬೆ ಮೆಟ್ಟಿಲಿನ ಹಿಂದೆ ನುಗ್ಗಿ ರೌಟರಿನ ದೀಪ ನೋಡು. ಪಕ್ಕದ ಸೀಟಿನ ಹೂವಿನ ಬುಟ್ಟಿಯ ಹೆಂಗಸು, "ಟಿವಿನೂ ಒಂದ್ಸಲ ಆಫ್ ಮಾಡಿ ಆನ್ ಮಾಡೋಕೇಳಣ್ಣ" ಎಂದಳು. ಹಿಂದಿನಿಂದ ಒಬ್ಬರು, ಹಬ್ಬದ ದಿನ ಎಲ್ಲರೂ ಮನೆಯಲ್ಲೇ ಇರುವುದರಿಂದ ನೆಟ್ ನಿಧಾನವೆಂದು ಅಭಿಪ್ರಾಯಪಟ್ಟರು. ಗೊಂಬೆಗಳ ಹಿಂದಿನಿಂದ ಗಿರಿಜೆ, ಶೆಟ್ಟಮ್ಮ ವಾಲಿಕೊಂಡಳೆಂದೂ ರೌಟರಿನ ದೀಪಗಳೆಲ್ಲ ಹಸಿರಾಗಿಯೇ ಇವೆಯೆಂದೂ ಕೂಗಿ ಹೇಳಿದಳು. ನಾನು ಅದನ್ನೂ ನಂಬದೆ ಇನ್ನೊಮ್ಮೆ ಆಫ್ ಮಾಡಿಸಿದೆ. ಇಳಿಯುವಾಗ ಕಂಡಕ್ಟರು, "ಸಾರ್, ಸರಿಹೋಯ್ತಾ?" ಎಂದು ಕೇಳಿದ. ಇಲ್ಲವೆಂದು ತಿಳಿದು ಬಸ್ಸಿಗೆ ಬಸ್ಸೇ ಮರುಗಿತು.

ಷೆಡ್ಡಿನ ಬಾಗಿಲಲ್ಲಿ ಮಾವಿನ ತೋರಣ, ನೆಲದ ಮೇಲೆ ರಂಗೋಲಿ, ಕೆಲಸದವರ ಹೆಂಡಿರು ಮಕ್ಕಳ ಸಡಗರ. ಕಂಠಿ ಆಗತಾನೆ ಸ್ಕೂಟರಿನ ಹಿಂದೆ ಪುರೋಹಿತರನ್ನು ಕೂರಿಸಿಕೊಂಡು ಬಂದು ಇಳಿಸುತ್ತಿದ್ದ. ಪಕ್ಕದ ಷೆಡ್ಡಿನ ಧ್ವನಿವರ್ಧಕದ ಅಬ್ಬರದಲ್ಲಿ ಫೋನು ಕೇಳಿಸಿರಲಿಲ್ಲ. ಒಳಗೆ ಹೋದೆ. ಹಳೆಯ ಲೇತಿನ ಮುಂದೆ ಮಣೆಗಳ ಮೇಲೆ ಬಿಳಿ ಬಟ್ಟೆ ಹಾಸಿ ಆಯುಧಗಳನ್ನು ಜೋಡಿಸಿದ್ದರು. ಸುತ್ತಿಗೆ, ಸ್ಪ್ಯಾನರುಗಳು, ಅಳತೆಯ ಉಪಕರಣಗಳು, ಒಂದೊಂದಕ್ಕೂ ಮೂರು ಪಟ್ಟೆ ವಿಭೂತಿ. ಸಾಲಿನ ಕೊನೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಿಕೊಂಡು ಫಳಫಳ ಹೊಳೆಯುತ್ತಾ, ಹಣೆಗೆ ಕುಂಕುಮವಿಟ್ಟುಕೊಂಡು, ನೆಟ್ಟಗೆ ನಿಂತ ಆಂಟೆನಾದ ಕೊಂಬಿಗೆ ಒಂದು ಸೇವಂತಿಗೆ ಸಿಕ್ಕಿಸಿಕೊಂಡು, ತನ್ನ ತಂತಿಗಳನ್ನು ಪಕ್ಕದಲ್ಲಿ ಅಚ್ಚುಕಟ್ಟಾಗಿ ಸುರುಳಿ ಸುತ್ತಿಸಿಕೊಂಡು ಕುಳಿತಿತ್ತು ನಮ್ಮ ಮೋಡೆಮ್ಮು.

"ಬಸಪ್ಪಾ!" ಎಂದೆ. ಬಸಪ್ಪ ಗದಗದ ಕಡೆಯವನು, ಹಳೆಯ ಲೇತಿನ ಈಗಿನ ಸಾರಥಿ. ಅಲಂಕಾರ ನೋಡಿ ಮೆಚ್ಚಿದೆನೆಂದೇ ತಿಳಿದು ನಗುತ್ತಾ ಬಂದ.

"ಅಮ್ಮಾರ ನಿನ್ನೆ ಫೋನ್ ಮಾಡಿ ಹೇಳ್ಯಾರ್ರೀ ಸರ. ಎಲ್ಲಾ ಮಶೀನ್ ಬಂದ್ ಮಾಡಿ, ಒರಸಿ, ಪೂಜಾಕ್ಕ ಇಡ್ರಿ, ಒಂದೂ ಬಿಡಬ್ಯಾಡ್ರಿ ಅಂತ. ಒಂದೂ ಬಿಟ್ಟಿಲ್ರೀ."

"ಅದು ಮಶೀನ್ ಅಲ್ಲಪ್ಪ..."

"ಕರೆಂಟ್ ತಿಂತೈತಿ, ದೀಪ ಹತ್ತತಾವು, ಹಗಲು ರಾತ್ರಿ ದುಡೀತೈತಿ. ಮತ್ತ ಮಶೀನ್ ಅಲ್ಲೇನ್ರೀ?"

ನಾನು ಮೂಲೆಯ ಕ್ಯಾಮೆರಾದ ಕಡೆ ತಲೆಯೆತ್ತಿದೆ. ಎತ್ತರದಲ್ಲಿ ಕೈಗೆಟುಕದೆ ಇದ್ದುದರಿಂದ ಕ್ಯಾಮೆರಾ ಹೇಗೋ ಪಾರಾಗಿತ್ತು. ಅದು ಪೂಜೆಯ ಸಿದ್ಧತೆಯನ್ನೆಲ್ಲ ತದೇಕಚಿತ್ತದಿಂದ ನೋಡುತ್ತಿತ್ತು, ಹೇಳಲು ಬಾಯಿ ಮಾತ್ರ ಇರಲಿಲ್ಲ. ನಾನು ಕೈಚಾಚಿ ಮೋಡೆಮ್ಮನ್ನು ಎತ್ತಿಕೊಳ್ಳಲು ಹೋದಾಗ ಬಸಪ್ಪ ಗಾಬರಿಯಾಗಿ ಅಡ್ಡ ಬಂದ. ಪೂಜೆಗಿಟ್ಟದ್ದನ್ನು ಆರತಿಯಾಗುವ ತನಕ ಎತ್ತಬಾರದು, ದುಡಿಸಬಾರದು. ಇದು ಅಮ್ಮನವರದೇ ಕಟ್ಟಪ್ಪಣೆ, ಇಷ್ಟು ವರ್ಷ ಅವರೇ ಎದುರು ನಿಂತು ಪಾಲಿಸಿದ್ದು. ಸುತ್ತ ಸೇರಿದವರೆಲ್ಲ ತಲೆಯಾಡಿಸಿದರು.

ಕಂಠಿ ತಲೆ ಕೆರೆದುಕೊಂಡ. "ಭಾವ, ಇದನ್ನ ಎತ್ತಿದ್ರೆ ಅಮ್ಮನ ಮಾತು ಮೀರಿದ ಹಾಗೆ. ಎತ್ತದಿದ್ರೆ ಅಮ್ಮ ಊಟ ಮಾಡಲ್ಲ. ನೀವೇ ಏನಾದ್ರೂ ಹೇಳಿ." ನಾನು ಪುರೋಹಿತರ ಕಡೆ ನೋಡಿದೆ. ಅವರು ಮೋಡೆಮ್ಮನ್ನು ಕನ್ನಡಕದ ಮೇಲಿನಿಂದೊಮ್ಮೆ, ಒಳಗಿನಿಂದೊಮ್ಮೆ ಪರಾಂಬರಿಸಿ, "ಶಾಸ್ತ್ರದಲ್ಲಿ ಇದರ ವಿಚಾರ ಬಂದಿಲ್ಲ ಸ್ವಾಮಿ. ನನಗಿನ್ನೂ ಬೇರೆ ಷೆಡ್ಡುಗಳಿವೆ, ಬೇಗ ಒಂದು ನಿಶ್ಚಯಕ್ಕೆ ಬನ್ನಿ" ಎಂದರು. ಬಳೆಯನ್ನು ನಿಲ್ಲಿಸುವ ಸಕಲ ವಿದ್ಯೆಗಳನ್ನೂ ಬಲ್ಲ ಆ ಸತ್ಸಂಗದ ಅನುಭವಿಗಳಲ್ಲಿ ಒಬ್ಬನಾದರೂ, ಮೋಡೆಮ್ಮು ಪೂಜೆಗೆ ಕುಳಿತಾಗ ಮಾಡಬೇಕಾದುದೇನು ಎಂದು ಬರೆದಿರಲಿಲ್ಲ. ಉಳಿದದ್ದು ಒಂದೇ ದಾರಿ. ಕಂಠಿ ಅಮ್ಮನಿಗೇ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಸಂಗತಿ ವಿವರಿಸಿದ.

ಹಸಿದ ಹೆಂಗಸು, ಬೈಯುತ್ತಾಳೆ ಎಂದುಕೊಂಡೆವು. ಅತ್ತಲಿಂದ ನಗು ಕೇಳಿಸಿತು, ಮೆಲ್ಲಗೆ ಶುರುವಾಗಿ ಕೆಮ್ಮು ಬರುವಷ್ಟು ಜೋರಾದ ನಗು.

"ಅಲ್ವೋ, ವರ್ತೂರಲ್ಲಿ ಮಂಚದ ಮೇಲೆ ಬಿದ್ದಿರೋಳ ಮಾತನ್ನ ಇಷ್ಟು ನಡೆಸ್ತೀರೇನ್ರೋ ಅಲ್ಲಿ?"

"ಅಮ್ಮಾರ ಮಾತು ಅಂದ್ರ ಮಾತ್ರೀ" ಎಂದ ಬಸಪ್ಪ.

ಇದನ್ನು ಕೇಳಿ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳೆಂದು ಗಿರಿಜೆ ನನಗೆ ಆಮೇಲೆ ಹೇಳಿದಳು. ನಮಗೆ ಕೇಳಿಸಿದ್ದು ಮಾತ್ರ ಷೆಡ್ಡು ನಡೆಸುತ್ತಿದ್ದ ಕಾಲದ ಅದೇ ಗಟ್ಟಿದನಿ. "ಪೂಜೆಗೆ ಮುಂಚೆ ಗಂಟೆಗೆ ಪೂಜೆ ಮಾಡಲ್ವಾ? ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಆಮೇಲೆ ಅದನ್ನೇ ಎತ್ತಿ ಬಾರಿಸ್ತಾರೆ ತಾನೆ? ಪೂಜೆಗೆ ಬೇಕಾದ ಸಾಮಾನಿಗೆ ಪೂಜೆ ಮೊದಲು. ಅದಕ್ಕೊಂದು ಆರತಿ ಎತ್ತಿಸಿ, ತಗೊಂಡೋಗಿ ಸಿಕ್ಕಿಸಿ. ಪುರೋಹಿತರನ್ನ ಕೇಳು, ಬೇಡ ಅಂತಾರಾ ನೋಡೋಣ."

ಪುರೋಹಿತರು ತಮ್ಮ ಕೈಯಲ್ಲಿದ್ದ ಗಂಟೆಯನ್ನೇ ಒಮ್ಮೆ ನೋಡಿಕೊಂಡರು. "ಅಮ್ಮನವರು ಸರಿಯಾಗಿ ಹೇಳಿದರು" ಎಂದು ನಗುತ್ತಾ ಕುಳಿತು, ಮೋಡೆಮ್ಮಿಗೆ ಅಕ್ಷತೆ ಹಾಕಿ, ಪ್ರತ್ಯೇಕವಾಗಿ ಒಂದು ಪುಟ್ಟ ಆರತಿ ಎತ್ತಿದರು. ಬಸಪ್ಪ ಅದಕ್ಕೆ ಕೈಮುಗಿದು, ಎರಡೂ ಕೈಯಲ್ಲಿ ಹಿಡಿದು, ದೇವರನ್ನು ಒಳಗೆ ಕರೆದುಕೊಂಡು ಹೋಗುವಷ್ಟು ಜೋಪಾನವಾಗಿ ಕಂಠಿಯ ಕ್ಯಾಬಿನ್ನಿಗೆ ಒಯ್ದ. ತಂತಿಗಳು ಸೇರಿದವು. ದೀಪಗಳು ಒಂದೊಂದಾಗಿ ಹತ್ತಿ, ಹೂವು ಮುಡಿದ ಕೊಂಬಿನ ಕೆಳಗೆ ಮಿನುಗತೊಡಗಿದವು. "ಬಂತು, ಬಂತು! ಸುತ್ತೋದು ನಿಂತೋಯ್ತು" ಎಂದು ಗಿರಿಜೆ ಕೂಗಿದಳು. ಮಕ್ಕಳು ಸಿಳ್ಳೆ ಹೊಡೆದರು.

ಆಮೇಲಿನ ಪೂಜೆ ಎಂದಿಗಿಂತ ಗೆಲುವಾಗಿ ನಡೆಯಿತು. ಕರ್ಪೂರ ಬೆಳಗಿತು, ಮಂಗಳಾರತಿಯಾಯಿತು, ತಟ್ಟೆ ಸುತ್ತಿ ಬಂತು. ಕಂಠಿ ಹಳೆಯ ಲೇತಿನ ಹತ್ತಿರ ಹೋಗಿ, ಹಸಿರು ಗುಂಡಿಯ ಮೇಲೆ ಬೆರಳಿಟ್ಟು, ಕ್ಯಾಮೆರಾದ ಕಡೆ ಮುಖವೆತ್ತಿ ನಿಂತುಬಿಟ್ಟ.

"ಅಮ್ಮ, ಕೈ ಇಟ್ಟಿದೀನಿ. ನೀನು ಒತ್ತು ಅಂದ್ಮೇಲೇ ಒತ್ತೋದು."

"ಎಲ್ಲೋ? ನೀನಿನ್ನೂ ಆರತಿ ತಗೊಳ್ತಾ ಇದೀಯ ಇಲ್ಲಿ. ತಡಿ."

ತಡೆದೆವು. ಗಂಟೆ ಎತ್ತಿದ ಪುರೋಹಿತರು ಎತ್ತಿದ ಹಾಗೆಯೇ ನಿಂತರು, ಬೇರೆ ಷೆಡ್ಡುಗಳು ಅವರಿಗೆ ಮರೆತುಹೋದಂತಿತ್ತು. ಬಸಪ್ಪ ಕುಂಬಳಕಾಯಿ ಹೊತ್ತುಕೊಂಡು ನಿಂತ. ಅವನ ಹೆಂಡತಿಯ ಕೈ ಕಡ್ಲೆಪುರಿಯ ಬುಟ್ಟಿಯಲ್ಲೇ ಉಳಿಯಿತು. ಮಕ್ಕಳು ಕೂಡ, ಯಾರೂ ಹೇಳದೆಯೇ, ಕದಲಲಿಲ್ಲ. ಪರದೆಯ ಮೇಲೆ ಚಿತ್ರವೊಂದು ಅರೆಗಳಿಗೆ ನಿಂತರೆ ಸಿಡಿಮಿಡಿಗೊಳ್ಳುವ ನಾನು, ಈಗ ಸ್ವತಃ ನಿಂತುಹೋದ ಚಿತ್ರದಲ್ಲೊಬ್ಬನಾಗಿ, ಒಂದು ಕೈಯಲ್ಲಿ ಪ್ರಸಾದದ ಬಾಳೆಹಣ್ಣು ಹಿಡಿದು ನಿಂತಿದ್ದೆ. ನನಗೆ ಯಾವ ಅವಸರವೂ ಇರಲಿಲ್ಲ. ವರ್ತೂರಿನಲ್ಲಿ ಒಬ್ಬಳು ನಮ್ಮನ್ನು ಬಂದು ಸೇರಿಕೊಳ್ಳುವವರೆಗೆ ನಿಂತಿರುವುದು ಎಷ್ಟು ಸುಖವಾಗಿತ್ತೆಂದರೆ, ಇನ್ನಷ್ಟು ತಡವಾದರೂ ಆಗಲಿ ಎನಿಸಿತು.

"ಹಾಂ, ಬಂದೆ ನೋಡು ಲೇತ್ ಹತ್ರ. ಕೈ ಇಟ್ಟೆ. ಎಲ್ರೂ ಕಾಣಿಸ್ತಿದೀರಿ ಕಣ್ರೋ, ಸುಬ್ಬು ಬಾಳೆಹಣ್ಣು ಹಿಡ್ಕೊಂಡು ನಿಂತಿದಾನೆ" ಎಂದಳು ಅತ್ತೆ. "ಒತ್ತೋ ಕಂಠಿ."

ಲೇತ್ ಗುಂಯ್ಯೆಂದು ತಿರುಗಿತು. ಗಂಟೆ, ಚಪ್ಪಾಳೆ, ಮಕ್ಕಳ ಕೇಕೆ. ಫೋನಿನಲ್ಲಿ ಅತ್ತೆ ಎಲ್ಲಕ್ಕಿಂತ ಮೇಲೆ ಕೂಗುತ್ತಿದ್ದಳು: "ಸದ್ದು ಕೇಳಿಸ್ತು, ಸದ್ದು ಕೇಳಿಸ್ತು! ಆಫ್ ಮಾಡ್ಬೇಡ ಕಣೋ, ಇನ್ನೂ ಕಾಣಿಸಿಲ್ಲ ನಂಗೆ. ತಡೀರಿ, ಯಾರೂ ಫೋನ್ ಇಡ್ಬೇಡಿ." ಬಸಪ್ಪ ಹೊತ್ತ ಕುಂಬಳಕಾಯಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮತ್ತೆ ಕಾದ. ಲೇತ್ ತಿರುಗುತ್ತಲೇ ಇತ್ತು. ನಾವು ಫೋನಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತೆವು.

"ತಿರುಗ್ತು!" ಎಂದಳು ಅತ್ತೆ. ಆಮೇಲೆ ಫೋನಿನಿಂದ ಮುಖ ತಿರುಗಿಸಿ, ಒಳಗಿನ ಕಡೆಗೆ: "ಗಿರಿಜಾ, ಎಲೆ ಹಾಕೇ. ಹಸಿವು ತಡೆಯೋಕಾಗ್ತಿಲ್ಲ."